ನೋವು ಕೊಡುವ ದವಡೆ ಹಲ್ಲು: ಉಳಿಸಿಕೊಳ್ಳುವುದಾ, ಕೀಳಿಸುವುದಾ?

ಪ್ರಶ್ನೆ: ನನಗೆ 43 ವರ್ಷ. ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲಿಗೆ ಹತ್ತು ವರ್ಷದ ಹಿಂದೆ ಫಿಲ್ಲಿಂಗ್ ಮಾಡಿಸಿದ್ದೆ. ಎರಡು ತಿಂಗಳ ಹಿಂದೆ ಅದು ಕಿತ್ತು ಬಂತು. ಜೊತೆಗೆ ನಾಲಿಗೆ ಕಡೆಯ ಗೋಡೆಯೂ ಮುರಿಯಿತು. ಆಮೇಲೆ ಮೂರು ವಾರ ವಿಪರೀತ ನೋವು, ರಾತ್ರಿ ನಿದ್ದೆಯೇ ಇಲ್ಲ. ಒಬ್ಬ ಡಾಕ್ಟರು ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ ಎಂದರು. ಇನ್ನೊಬ್ಬರು ಕೀಳಿಸಿಬಿಡಿ ಎಂದರು. ಅಕ್ಕನೂ ಹಿಂದೆ ಹೀಗೇ ಕೀಳಿಸಿಕೊಂಡು ಆರಾಮಾಗಿದ್ದಾಳೆ. ಯಾವುದು ಸರಿ ಎಂದು ಯೋಚಿಸುತ್ತಿರುವಾಗಲೇ ನಾಲ್ಕು ದಿನದಿಂದ ನೋವು ತಾನಾಗಿಯೇ ನಿಂತಿದೆ. ಕಚ್ಚಿದರೆ ಮಾತ್ರ ಆ ಹಲ್ಲು ಸ್ವಲ್ಪ ಎತ್ತರ ಅನಿಸುತ್ತದೆ. ಈಗ ಸುಮ್ನೆ ಬಿಡಬಹುದಾ?

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ದಯವಿಟ್ಟು ಸುಮ್ನೆ ಬಿಡಬೇಡಿ. ಮೂರು ವಾರ ನಿದ್ದೆ ಕೆಡಿಸಿದ ಹಲ್ಲು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ತಣ್ಣಗಾದರೆ ಅದು ವಾಸಿಯಾಗಿದೆ ಎಂದುಕೊಳ್ಳುವ ಹಾಗಿಲ್ಲ. ಬಹುಮಟ್ಟಿಗೆ ಒಳಗಿನ ನರ ಸತ್ತಿದೆ.

ಹಲ್ಲಿನ ಹೊರಗೆ ಗಟ್ಟಿಯಾದ ಎನಾಮೆಲ್, ಅದರ ಒಳಗೆ ಡೆಂಟಿನ್, ನಟ್ಟನಡುವೆ ಪಲ್ಪ್ ಇರುತ್ತದೆ. ನಾವೆಲ್ಲ ನರ ಎಂದು ಕರೆಯುವುದು ಈ ಪಲ್ಪನ್ನೇ. ಅದರಲ್ಲಿ ನರದ ಎಳೆಗಳೂ ಇವೆ, ರಕ್ತನಾಳಗಳೂ ಇವೆ. ಮೈಯಲ್ಲಿ ಬೇರೆಲ್ಲಿ ಪೆಟ್ಟಾದರೂ ಆ ಜಾಗ ಊದಿಕೊಳ್ಳುತ್ತದೆ. ಪಲ್ಪ್‌ಗೆ ಊದಿಕೊಳ್ಳಲು ಜಾಗವೇ ಇಲ್ಲ, ಸುತ್ತ ಕಲ್ಲಿನಂಥ ಗೋಡೆ. ಹುಳುಕು ಹತ್ತಿರ ಬಂದಾಗ ಒಳಗೆ ಒತ್ತಡ ಏರುತ್ತದೆ, ನೋವು ತಲೆವರೆಗೆ ಸೆಳೆಯುತ್ತದೆ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ರಾತ್ರಿ ನೋವು ಜಾಸ್ತಿ ಆಗುವುದು ಅದಕ್ಕೇ. ಹಲ್ಲುನೋವಿನವರು ಎರಡು ದಿಂಬು ಇಟ್ಟುಕೊಂಡು ಕೂತೇ ರಾತ್ರಿ ಕಳೆಯುವುದನ್ನು ಎಷ್ಟು ಸಲ ಕೇಳಿದ್ದೇನೋ.

ಒತ್ತಡ ತಡೆಯಲಾರದೆ ಪಲ್ಪ್ ಸತ್ತಾಗ ನೋವು ಹೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಆದರೆ ಕ್ರಿಮಿಗಳು ಉಳಿದಿರುತ್ತವೆ. ಅವು ಬೇರಿನ ತುದಿಯಿಂದ ಆಚೆ ಮೂಳೆಯ ಕಡೆ ಹೊರಡುತ್ತವೆ. ಬೇರಿಗೂ ಮೂಳೆಗೂ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಒಂದು ನಾರಿನ ಪದರ ಇದೆ. ಅಲ್ಲಿ ಊತ ಬಂದರೆ ಹಲ್ಲು ಒಂದಿಷ್ಟು ಮೇಲೆದ್ದು ನಿಲ್ಲುತ್ತದೆ. ನಿಮಗೆ ‘ಎತ್ತರ’ ಅನಿಸುತ್ತಿರುವುದು ಇದೇ ಇರಬೇಕು. ಕೆಲವರಿಗೆ ಇದು ಕೆಲವೇ ದಿನಗಳಲ್ಲಿ ಕೀವಾಗಿ ಕೆನ್ನೆ ಊದುತ್ತದೆ. ಕೆಲವರಿಗೆ ವರ್ಷಗಟ್ಟಲೆ ಸದ್ದಿಲ್ಲದೆ ಮೂಳೆ ಕರಗುತ್ತಾ ಹೋಗುತ್ತದೆ. ಎರಡೂ ಒಳ್ಳೆಯದಲ್ಲ.

ಇನ್ನು ಆ ಇಬ್ಬರು ಡಾಕ್ಟರುಗಳ ವಿಷಯ. ಅವರಲ್ಲಿ ಒಬ್ಬರು ತಪ್ಪು ಹೇಳಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಒಬ್ಬರು ಬೇರಿನ ಒಳಗೆ ನೋಡಿದ್ದಾರೆ, ಇನ್ನೊಬ್ಬರು ಬೇರಿನ ಮೇಲೆ ಎಷ್ಟು ಹಲ್ಲು ಉಳಿದಿದೆ ಎಂದು ನೋಡಿದ್ದಾರೆ. ನೋವು ಎಷ್ಟಿತ್ತು ಎನ್ನುವುದರಿಂದ ಹಲ್ಲನ್ನು ಕೀಳಬೇಕೋ ಉಳಿಸಬೇಕೋ ಗೊತ್ತಾಗುವುದಿಲ್ಲ. ಪ್ರಾಣ ಹಿಂಡುವಷ್ಟು ನೋಯುವ ಹಲ್ಲನ್ನು ಚೆನ್ನಾಗಿ ಉಳಿಸಬಹುದು. ಒಂದು ದಿನವೂ ನೋಯದ ಹಲ್ಲು ಉಳಿಸಲಾಗದಷ್ಟು ಕೆಟ್ಟಿರಬಹುದು. ಜನ ಈ ಎರಡನ್ನೂ ಒಂದೇ ಮಾಡಿಕೊಂಡು, ನಡುರಾತ್ರಿಯ ಸಂಕಟದಲ್ಲಿ ‘ಬೆಳಗಾದರೆ ಸಾಕು, ಕೀಳಿಸಿಬಿಡ್ತೀನಿ’ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ಹೊತ್ತಿನ ತೀರ್ಮಾನ ನನಗೆ ಯಾವತ್ತೂ ಭಯ. ನೋವು ನಿಲ್ಲಿಸುವುದಕ್ಕೆ ಹಲ್ಲನ್ನೇ ತೆಗೆಯಬೇಕಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲು ತೆರೆದು, ಕೆಟ್ಟ ಪಲ್ಪ್ ತೆಗೆದು, ಔಷಧಿ ಇಟ್ಟು ಮುಚ್ಚಿದರೆ ಬಹಳಷ್ಟು ಜನ ಅವತ್ತು ರಾತ್ರಿಯೇ ಮಲಗುತ್ತಾರೆ. ತೀರ್ಮಾನವನ್ನು ಮುಂದಿನ ವಾರ ಸಮಾಧಾನವಾಗಿ ಮಾಡಬಹುದು.

ಅವಸರ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಪಲ್ಪ್‌ನ ನೋವು ಎಲ್ಲಿಂದ ಬರುತ್ತಿದೆ ಎಂದು ನಮಗೆ ಸರಿಯಾಗಿ ಗೊತ್ತಾಗುವುದಿಲ್ಲ. ಒಬ್ಬರು ನನ್ನ ಹತ್ತಿರ ಬಂದು ಕೂತವರೇ ಕೆಳಗಿನ ಹಲ್ಲಿನ ಮೇಲೆ ಬೆರಳಿಟ್ಟು ‘ಇದೇ ಡಾಕ್ಟರೇ, ಇವತ್ತೇ ಕಿತ್ತುಬಿಡಿ’ ಎಂದರು. ಆ ಹಲ್ಲಿಗೆ ಹಳೇ ಫಿಲ್ಲಿಂಗ್ ಇತ್ತು, ನೋಡಿದರೆ ಯಾರಿಗಾದರೂ ಅನುಮಾನ ಬರುವಂತೆಯೇ ಇತ್ತು. ಹತ್ತಿಯ ತುಣುಕನ್ನು ತಣ್ಣಗೆ ಮಾಡಿ ಅದಕ್ಕೆ ಮುಟ್ಟಿಸಿದೆ. ಜುಮ್ಮೆಂದಿತು, ಎರಡು ಸೆಕೆಂಡಿನಲ್ಲಿ ಹೋಯಿತು. ಅಂದರೆ ಆ ಹಲ್ಲು ಚೆನ್ನಾಗಿದೆ. ಮೇಲಿನ ಸಾಲಿನ ಹಲ್ಲಿಗೆ ಮುಟ್ಟಿಸಿದೆ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹತ್ತಿ ತೆಗೆದ ಮೇಲೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನೋವು ಇಳಿಯಲಿಲ್ಲ, ಕಣ್ಣಲ್ಲಿ ನೀರು. ಕಳ್ಳ ಇದ್ದದ್ದು ಮೇಲಿನ ಹಲ್ಲಿನಲ್ಲಿ. ಅವರು ಹೇಳಿದ್ದನ್ನು ಕಿತ್ತಿದ್ದರೆ ಒಳ್ಳೆಯ ಹಲ್ಲು ಹೋಗುತ್ತಿತ್ತು, ನೋವು ಮಾತ್ರ ಅಲ್ಲೇ ಇರುತ್ತಿತ್ತು.

ಈ ತಣ್ಣನೆಯ ಪರೀಕ್ಷೆ ತುಂಬಾ ಸರಳ, ಆದರೆ ಅದರಿಂದ ಬಹಳ ತಿಳಿಯುತ್ತದೆ. ತಣ್ಣಗಿನದು ತಾಗಿ ಕ್ಷಣದಲ್ಲಿ ನೋವು ಹೋದರೆ ಪಲ್ಪ್ ಇನ್ನೂ ಚೇತರಿಸಿಕೊಳ್ಳಬಲ್ಲದು. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಕಾಗಬಹುದು. ನೋವು ನಿಮಿಷಗಟ್ಟಲೆ ನಿಂತರೆ, ಬಿಸಿ ತಾಗಿದರೆ ಕೆರಳಿದರೆ, ಏನೂ ತಾಗದೆ ತಾನಾಗಿಯೇ ಶುರುವಾದರೆ ಪಲ್ಪ್ ಹಿಂತಿರುಗಲಾಗದ ಹಂತಕ್ಕೆ ಬಂದಿದೆ ಎಂದರ್ಥ. ಈಚಿನ ವರ್ಷಗಳಲ್ಲಿ ಇಂಥ ಕೆಲವು ಹಲ್ಲುಗಳಲ್ಲೂ ಮೇಲಿನ ಭಾಗದ ಪಲ್ಪ್ ಮಾತ್ರ ತೆಗೆದು, ಎಂಟಿಎ ತರಹದ ಸಿಮೆಂಟ್ ಇಟ್ಟು ಬೇರಿನೊಳಗಿನ ಪಲ್ಪ್ ಉಳಿಸುತ್ತಾರೆ. ನಿಮ್ಮದರಲ್ಲಿ ಆ ಅವಕಾಶ ಬಹುಶಃ ದಾಟಿಹೋಗಿದೆ. ತಣ್ಣಗಿನದು ತಾಗಿದರೂ ಏನೂ ಗೊತ್ತಾಗದೆ, ಮೇಲಿಂದ ತಟ್ಟಿದರೆ ಮಾತ್ರ ನೋಯುತ್ತಿದ್ದರೆ ಅದು ಸತ್ತ ಪಲ್ಪ್. ಅಂಥ ಹಲ್ಲಿಗೆ ಇರುವ ದಾರಿ ಎರಡೇ, ರೂಟ್ ಕೆನಾಲ್ ಅಥವಾ ಕೀಳುವುದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದು ನಂಬಿ ಕೂರಬೇಡಿ. ಬೇರಿನ ತುದಿಯ ಮೂಳೆ ಸಾಕಷ್ಟು ಕರಗಿದ ಮೇಲೆಯೇ ಅಲ್ಲಿ ಕಪ್ಪು ನೆರಳು ಕಾಣುವುದು.

ಈಗ ಮುಖ್ಯ ಮಾತಿಗೆ ಬರೋಣ. ಹಲ್ಲು ಉಳಿಯುತ್ತದೋ ಇಲ್ಲವೋ ಎನ್ನುವುದು ಬಹುಪಾಲು ವಸಡಿನ ಮೇಲೆ ಎಷ್ಟು ಗಟ್ಟಿ ಹಲ್ಲು ಉಳಿದಿದೆ ಎನ್ನುವುದರ ಮೇಲೆ ನಿಂತಿದೆ. ಬಡಗಿಯ ಉಳಿಯ ಹಿಡಿಗೆ ಒಂದು ಕಬ್ಬಿಣದ ಬಳೆ ಹಾಕಿರುತ್ತಾರಲ್ವಾ? ಮೇಲಿಂದ ಎಷ್ಟು ಹೊಡೆದರೂ ಮರ ಸೀಳದಂತೆ ಅದು ಬಿಗಿಯಾಗಿ ಹಿಡಿದಿರುತ್ತದೆ. ಕ್ಯಾಪ್ ಮಾಡುವ ಕೆಲಸವೂ ಅದೇ. ಆದರೆ ಬಳೆಗೆ ಹಿಡಿದುಕೊಳ್ಳಲು ಮರ ಬೇಕು. ಕ್ಯಾಪ್‌ನ ಅಂಚಿಗೆ ಸುತ್ತಲೂ ಸುಮಾರು 1.5ರಿಂದ 2 ಮಿಲಿಮೀಟರ್ ಎತ್ತರದ ಒಳ್ಳೆಯ ಹಲ್ಲು ಸಿಗಬೇಕು. ಸಿಮೆಂಟ್ ತುಂಬಿಸಿ ಎತ್ತರಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲ, ಹುಟ್ಟಿದ ಹಲ್ಲೇ ಇರಬೇಕು. ನಾವು ಇದನ್ನು ಫೆರೂಲ್ ಎನ್ನುತ್ತೇವೆ. ಎರಡು ಮಿಲಿಮೀಟರ್ ಎಂದರೆ ಎಷ್ಟು? ನಿಮ್ಮ ಉಗುರಿನ ತುದಿಯಲ್ಲಿ ಬೆಳೆದ ಬಿಳಿ ಅಂಚಿನಷ್ಟು. ಹಲ್ಲಿನ ಮುಂದಿನ ಇಪ್ಪತ್ತು ವರ್ಷ ಅಷ್ಟರ ಮೇಲೆ ನಿಂತಿರುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರ ದವಡೆ ಹಲ್ಲಿನಲ್ಲಿ ಒಂದು ಪಕ್ಕದ ಗೋಡೆ ಪೂರ್ತಿ ವಸಡಿನ ಕೆಳಗೆ ಹೋಗಿತ್ತು. ಅವರಿಗೂ ಉಳಿಸುವ ಆಸೆ, ನನಗೂ ಆಸೆ. ರೂಟ್ ಕೆನಾಲ್ ಚೆನ್ನಾಗಿಯೇ ಆಯಿತು, ಎಕ್ಸ್‌ರೇ ನೋಡಿದರೆ ಖುಷಿಯಾಗುವಂತಿತ್ತು. ಬೇರಿನೊಳಗೆ ಪೋಸ್ಟ್ ಎನ್ನುವ ಸಣ್ಣ ಕಡ್ಡಿ ಕೂರಿಸಿ, ಸಿಮೆಂಟ್ ಕಟ್ಟಿ ಕ್ಯಾಪ್ ಹಾಕಿದೆ. ಒಂದೂವರೆ ವರ್ಷಕ್ಕೆ ಅವರು ಕ್ಯಾಪನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು. ಅದರೊಳಗೆ ಪೋಸ್ಟ್, ಸಿಮೆಂಟ್, ಜೊತೆಗೆ ಹಲ್ಲಿನ ಒಂದು ಚೂರು. ಕೆಳಗೆ ಬೇರು ಉದ್ದಕ್ಕೆ ಸೀಳಿತ್ತು. ಕೀಳಲೇಬೇಕಾಯಿತು. ಅವರು ಒಂದು ಮಾತೂ ಬೈಯಲಿಲ್ಲ, ಆದರೆ ಆ ಕಾಗದದ ಪೊಟ್ಟಣ ನನಗೆ ಇವತ್ತಿಗೂ ನೆನಪಿದೆ. ಅವತ್ತಿನಿಂದ ಬೇರಿನ ಒಳಗೆ ಹೋಗುವ ಮೊದಲು ಗೋಡೆಗಳನ್ನು ಅಳೆಯುತ್ತೇನೆ.

ನಿಮ್ಮ ವಿಷಯದಲ್ಲಿ ತಿಳಿಯಬೇಕಾದದ್ದು ನಾಲಿಗೆ ಕಡೆಯ ಗೋಡೆ ಎಲ್ಲಿಗೆ ಮುರಿದಿದೆ ಎನ್ನುವುದು. ವಸಡಿನ ಮೇಲೆಯೇ ನಿಂತಿದ್ದರೆ ಒಳ್ಳೆಯದು. ವಸಡಿನ ಸ್ವಲ್ಪ ಕೆಳಗಿದ್ದರೂ ದಾರಿ ಇದೆ. ವಸಡನ್ನೂ ಸ್ವಲ್ಪ ಮೂಳೆಯನ್ನೂ ಕೆಳಗೆ ಸರಿಸುವ ಸಣ್ಣ ಸರ್ಜರಿ ಮಾಡಬಹುದು. ಆದರೆ ಕೆಳಗಿನ ದವಡೆ ಹಲ್ಲಿಗೆ ಎರಡು ಬೇರು, ಅವು ಕವಲೊಡೆಯುವ ಜಾಗ ವಸಡಿನಿಂದ ಬಹಳ ದೂರ ಇರುವುದಿಲ್ಲ. ಮೂಳೆಯನ್ನು ಜಾಸ್ತಿ ಸರಿಸಿದರೆ ಆ ಕವಲು ತೆರೆದುಕೊಳ್ಳುತ್ತದೆ. ಅಲ್ಲಿ ಬ್ರಷ್ ತಾಗುವುದಿಲ್ಲ, ಕೊಳೆ ಮಾತ್ರ ಕೂರುತ್ತದೆ. ಹಾಗಾಗಿ ಮುರಿತ ಮೂಳೆಯ ಮಟ್ಟಕ್ಕೆ ಇಳಿದಿದ್ದರೆ ಕೀಳಿಸಿ ಎಂದ ಡಾಕ್ಟರ ಮಾತು ಸರಿ.

ಎರಡನೆಯದು ಬಿರುಕು. ಎಕ್ಸ್‌ರೇಯಲ್ಲಿ ಬಿರುಕು ಹೆಚ್ಚಾಗಿ ಕಾಣುವುದಿಲ್ಲ. ಡಾಕ್ಟರು ಗುರುತು ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲು ವಸಡುಗಳ ನಡುವೆ ಇಳಿಸಿ ಸುತ್ತಲೂ ಅಳೆಯುತ್ತಾರೆ. ಆರೋಗ್ಯವಾಗಿದ್ದರೆ 1ರಿಂದ 3 ಮಿಲಿಮೀಟರ್. ಎಲ್ಲ ಕಡೆ ಎರಡು, ಮೂರು ಎಂದು ಬರುತ್ತಾ ಒಂದೇ ಒಂದು ಜಾಗದಲ್ಲಿ ಕಡ್ಡಿ ಬಾವಿಗೆ ಬಿದ್ದಂತೆ ಎಂಟು ಮಿಲಿಮೀಟರ್ ಇಳಿದರೆ ಬೇರು ಉದ್ದಕ್ಕೆ ಸೀಳಿದೆಯೇ ಎನ್ನುವ ಅನುಮಾನ ಬರುತ್ತದೆ. ಬೇರು ಸೀಳಿದ್ದು ಖಚಿತವಾದರೆ ದವಡೆ ಹಲ್ಲನ್ನು ಸಾಮಾನ್ಯವಾಗಿ ಉಳಿಸಲಾಗುವುದಿಲ್ಲ. ಹಲ್ಲು ತೆರೆದಾಗ ಒಳಗಿನ ನೆಲದಲ್ಲಿ ಬಿರುಕು ಈ ಕಡೆಯಿಂದ ಆ ಕಡೆಗೆ ದಾಟಿದ್ದರೂ ಅಷ್ಟೇ. ವಸಡಿನ ಕಾಯಿಲೆಯಿಂದ ಮೂಳೆ ಕರಗಿ ಹಲ್ಲು ಮೇಲೆ ಕೆಳಗೆ ಅಲುಗಾಡುವಂತಾಗಿದ್ದರೂ ರೂಟ್ ಕೆನಾಲ್‌ನಿಂದ ಪ್ರಯೋಜನವಿಲ್ಲ.

ಇವು ಯಾವುವೂ ಇಲ್ಲದಿದ್ದರೆ ನನ್ನ ಒಲವು ಉಳಿಸುವ ಕಡೆಗೇ. ಅದನ್ನು ಮುಚ್ಚಿಡುವುದಿಲ್ಲ. ಬೇರಿನ ಸುತ್ತ ಇರುವ ಆ ನಾರಿನ ಪದರ ಇದೆಯಲ್ಲ, ಹಲ್ಲುಗಳ ನಡುವೆ ಕೂದಲಿನಂಥ ವಸ್ತು ಸಿಕ್ಕರೂ ಅದು ಹೇಳುತ್ತದೆ. ಜೋರಾಗಿ ಕಚ್ಚಿದಾಗ ಮೆತ್ತೆಯಂತೆ ಕೆಲಸ ಮಾಡುತ್ತದೆ. ರೂಟ್ ಕೆನಾಲ್ ಮಾಡಿದ ಹಲ್ಲಿಗೂ ಈ ಪದರ ಹಾಗೇ ಇರುತ್ತದೆ. ಕಿತ್ತ ಮೇಲೆ ಅದನ್ನು ಯಾರೂ ವಾಪಸ್ ಕೊಡಲಾರರು.

ರೂಟ್ ಕೆನಾಲ್ ಎಂದರೆ ಭಯ ಪಡುವವರೇ ಜಾಸ್ತಿ. ಅವರು ಹೇಳುವ ನೋವು ಬಹಳ ಸಲ ಚಿಕಿತ್ಸೆಗೆ ಮುಂಚಿನ ನೋವು. ಆದರೂ ಒಂದು ನಿಜ ಹೇಳಬೇಕು. ತುಂಬಾ ಕೆರಳಿದ ಕೆಳಗಿನ ದವಡೆ ಹಲ್ಲಿಗೆ ಮೊದಲ ಇಂಜೆಕ್ಷನ್ ಕೆಲವೊಮ್ಮೆ ಪೂರ್ತಿ ಹಿಡಿಯುವುದಿಲ್ಲ, ತುಟಿ ಮರಗಟ್ಟಿದ್ದರೂ ಒಳಗೆ ಚುಚ್ಚುತ್ತದೆ. ಆಗ ಸಹಿಸಿಕೊಂಡು ಕೂರಬೇಡಿ, ಕೈ ಎತ್ತಿ. ಹೆಚ್ಚುವರಿ ಇಂಜೆಕ್ಷನ್‌ಗೆ ಬೇರೆ ಬೇರೆ ವಿಧಾನಗಳಿವೆ. ನಿಮ್ಮ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಕೆನಾಲ್ ಇರುತ್ತವೆ. ಅಷ್ಟನ್ನೂ ಹುಡುಕಿ, ಸಣ್ಣ ಫೈಲ್‌ಗಳಿಂದ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಎನ್ನುವ ರಬ್ಬರಿನಂಥ ವಸ್ತುವಿನಿಂದ ಮುಚ್ಚುತ್ತಾರೆ. ‘ರಬ್ಬರ್ ಡ್ಯಾಮ್ ಹಾಕುತ್ತೀರಾ?’ ಎಂದು ಡಾಕ್ಟರನ್ನು ಕೇಳಿ. ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಯನ್ನು ಮುಚ್ಚುವ ರಬ್ಬರ್ ಹಾಳೆ ಅದು. ಎಂಜಲು ಒಳಗೆ ಹೋಗುವುದಿಲ್ಲ, ದ್ರಾವಣ ಗಂಟಲಿಗೆ ಹೋಗುವುದಿಲ್ಲ. ಹೀಗೆ ಕೇಳುವುದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಸರಿಯಾಗಿ ಮಾಡಿ ಮೇಲೆ ಒಳ್ಳೆಯ ಕ್ಯಾಪ್ ಹಾಕಿದರೆ 10ರಲ್ಲಿ ಸುಮಾರು 9 ಹಲ್ಲುಗಳು ಎಂಟು ಹತ್ತು ವರ್ಷ ದಾಟುತ್ತವೆ. ಕ್ಯಾಪ್ ಎನ್ನುವ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನೋವು ಹೋಯಿತಲ್ಲ ಎಂದು ಕ್ಯಾಪ್ ಮುಂದೂಡಿ, ಆರು ತಿಂಗಳಿಗೆ ಹಲ್ಲು ಎರಡಾಗಿ ಸೀಳಿಸಿಕೊಂಡು ಬಂದವರನ್ನು ಕಂಡಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಿಮ್ಮದು ಈಗಾಗಲೇ ಒಂದು ಗೋಡೆ ಕಳೆದುಕೊಂಡ ಹಲ್ಲು. ಸಮಯಕ್ಕೋ ಹಣಕ್ಕೋ ತೊಂದರೆಯಾಗಿ ಕ್ಯಾಪ್‌ವರೆಗೆ ಹೋಗಲು ಆಗುವುದೇ ಇಲ್ಲ ಎನ್ನುವುದು ನಿಮಗೆ ಮೊದಲೇ ಗೊತ್ತಿದ್ದರೆ ಡಾಕ್ಟರಿಗೆ ಹಾಗೇ ಹೇಳಿ. ಅರ್ಧ ಕೆಲಸಕ್ಕೆ ಖರ್ಚು ಮಾಡಿ ಆಮೇಲೆ ಕೀಳಿಸುವುದಕ್ಕಿಂತ ಮೊದಲೇ ಕೀಳಿಸುವುದು ಮೇಲು.

ರೂಟ್ ಕೆನಾಲ್ ಮಾಡಿದ ಹಲ್ಲು ಮೈಗೆಲ್ಲ ಕಾಯಿಲೆ ತರುತ್ತದೆ ಎನ್ನುವ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಆ ಮಾತು ಹೊಸದಲ್ಲ. 1910ರಲ್ಲಿ ವಿಲಿಯಂ ಹಂಟರ್ ಎನ್ನುವ ಬ್ರಿಟಿಷ್ ವೈದ್ಯರು ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿ, ಬಾಯಿಯ ಸೋಂಕು ಮೈಯ ಅನೇಕ ರೋಗಗಳ ಮೂಲ ಎಂದರು. ಆಮೇಲೆ ದಶಕಗಳ ಕಾಲ ಎಷ್ಟೋ ಜನರ ಹಲ್ಲುಗಳನ್ನು ಸಂಧಿವಾತ ಹೋಗಲಿ, ಇನ್ನೊಂದು ಹೋಗಲಿ ಎಂದು ಕಿತ್ತರು. ಹಲ್ಲು ಹೋಯಿತು, ರೋಗ ಹೋಗಲಿಲ್ಲ. ಸರಿಯಾದ ಅಧ್ಯಯನಗಳು ಬಂದ ಮೇಲೆ ಆ ಪದ್ಧತಿಯನ್ನು ವೈದ್ಯರೇ ಕೈಬಿಟ್ಟರು.

ಕೀಳಿಸುವುದರಲ್ಲಿ ಒಳ್ಳೆಯದೂ ಇದೆ. ಬೇಗ ಮುಗಿಯುತ್ತದೆ, ಸೋಂಕಿನ ಮೂಲವೇ ಹೋಗುತ್ತದೆ. ಬುದ್ಧಿ ಹಲ್ಲಾಗಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ನಿಮ್ಮದು ಅಗಿಯುವ ಕೆಲಸದ ದೊಡ್ಡ ಪಾಲು ಹೊರುವ ಹಲ್ಲು. ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲೇ ಅಗಲದಲ್ಲಿ ಹತ್ತಿರ ಹತ್ತಿರ ಅರ್ಧ ಕುಗ್ಗಬಹುದು. ಹಾಗೇ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲಬಹುದು, ಎದುರಿನ ಹಲ್ಲು ಖಾಲಿ ಜಾಗಕ್ಕೆ ಇಳಿಯಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ನಿಮ್ಮ ಅಕ್ಕ ಆರಾಮಾಗಿರುವುದು ಸಂತೋಷವೇ. ಆದರೆ ಅವರದು ಯಾವ ಹಲ್ಲು, ಎದುರಿಗೆ ಏನಿತ್ತು, ಎಷ್ಟು ವರ್ಷವಾಯಿತು ಎಂದು ಕೇಳಿ ನೋಡಿ.

ಕಿತ್ತ ಜಾಗ ತುಂಬಿಸಲು ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಡ್ಜ್ ಇದೆ, ತೆಗೆದು ಹಾಕುವ ಹಲ್ಲಿನ ಸೆಟ್ ಇದೆ, ಮೂಳೆಯೊಳಗೆ ಕೂರಿಸುವ ಇಂಪ್ಲಾಂಟ್ ಇದೆ. ಬ್ರಿಡ್ಜ್‌ಗೆ ಪಕ್ಕದ ಎರಡು ಹಲ್ಲುಗಳನ್ನು ಅರೆಯಬೇಕು. ಅವು ಒಳ್ಳೆಯ ಹಲ್ಲುಗಳಾಗಿದ್ದರೆ ನನಗೆ ಮನಸ್ಸು ಬರುವುದಿಲ್ಲ. ಇಂಪ್ಲಾಂಟ್ ನಿಜಕ್ಕೂ ದೊಡ್ಡ ವರ. 1965ರಲ್ಲಿ ಸ್ವೀಡನ್‌ನ ವೈದ್ಯ ಬ್ರೊನೆಮಾರ್ಕ್ ಅವರು ಮೊದಲ ರೋಗಿಗೆ ಕೂರಿಸಿದ ಟೈಟಾನಿಯಂ ಬೇರುಗಳು ನಾಲ್ಕು ದಶಕ ಬಾಳಿದವು. ಆದರೆ ಅದು ಹಲ್ಲಿಲ್ಲದ ಜಾಗಕ್ಕೆ ಮಾಡಿದ್ದು. ಉಳಿಯಬಲ್ಲ ಹಲ್ಲನ್ನು ತೆಗೆದು ಅದನ್ನು ಹಾಕಿಸಿಕೊಳ್ಳಲು ಕಾರಣವಿಲ್ಲ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ವಸಡಿಗೂ ಮೂಳೆಗೂ ಸೋಂಕಾಗಬಹುದು. ಸಿಗರೇಟು ಸೇದುವವರಿಗೆ ಆ ಅಪಾಯ ಹೆಚ್ಚು. ಇವತ್ತು ಉಳಿಸಿದ ಹಲ್ಲು ಹದಿನೈದು ವರ್ಷದ ಮೇಲೆ ಸೋತರೆ ಆಗ ಇಂಪ್ಲಾಂಟ್ ಹಾಕಿಸಬಹುದು. ಇವತ್ತು ಕಿತ್ತದ್ದನ್ನು ಆಗ ವಾಪಸ್ ತರಲಾಗುವುದಿಲ್ಲ.

ನೀವು ತೆಗೆದುಕೊಳ್ಳುವ ಔಷಧಿಗಳ ಬಗ್ಗೆ ಬರೆದಿಲ್ಲ, ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಬಿಸ್ಫಾಸ್ಫೊನೇಟ್ ತರಹದ ಔಷಧಿ ತೆಗೆದುಕೊಂಡವರಿಗೆ, ದವಡೆಗೆ ರೇಡಿಯೇಷನ್ ಆದವರಿಗೆ ಹಲ್ಲು ಕಿತ್ತ ಗಾಯ ಮಾಯದೆ ಮೂಳೆ ಸಾಯುವ ಅಪಾಯವಿದೆ. ಅಂಥವರಲ್ಲಿ ನಾವು ಹಲ್ಲು ಉಳಿಸಲು ಇನ್ನಷ್ಟು ಪ್ರಯತ್ನಿಸುತ್ತೇವೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಲಿ.

ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ನುಂಗಬೇಡಿ. ಸತ್ತ ಪಲ್ಪ್‌ಗೆ ರಕ್ತವೇ ಹೋಗುವುದಿಲ್ಲ, ಹಾಗಿರುವಾಗ ಔಷಧಿ ಒಳಗೆ ಹೇಗೆ ತಲುಪಬೇಕು? ಊತ ಹರಡಿ ಜ್ವರ ಬಂದಾಗ ಅದು ಬೇಕು, ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೇ. ನೋವು ಮತ್ತೆ ಬಂದರೆ ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಎರಡೂ ಸೇರಿ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಗರ್ಭ, ರಕ್ತ ತೆಳುವಾಗುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಐಬುಪ್ರೊಫೆನ್ ಬಗ್ಗೆ ಮೊದಲು ಡಾಕ್ಟರನ್ನು ಕೇಳಿ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳಲೇಬೇಡಿ, ಚರ್ಮ ಸುಡುತ್ತದೆ. ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ರಾತ್ರಿಯಾದರೂ ಸರಿ.

ಇನ್ನು ಈ ವಾರ ಮಾಡಬೇಕಾದದ್ದು. ನಿಮಗೆ ನಂಬಿಕೆ ಇರುವ ಡಾಕ್ಟರ ಹತ್ತಿರ, ಸಾಧ್ಯವಾದರೆ ರೂಟ್ ಕೆನಾಲ್‌ನಲ್ಲಿ ಪರಿಣತಿ ಪಡೆದವರ ಹತ್ತಿರ ಹೋಗಿ. ‘ಮೊದಲು ಹುಳುಕನ್ನೂ ಉಳಿದ ಫಿಲ್ಲಿಂಗನ್ನೂ ಪೂರ್ತಿ ತೆಗೆದು, ಗೋಡೆ ಎಷ್ಟಿದೆ, ಬಿರುಕಿದೆಯಾ ಎಂದು ನೋಡಿ. ಆಮೇಲೆ ತೀರ್ಮಾನ ಮಾಡೋಣ’ ಎಂದು ಕೇಳಿ. ಹೊರಗಿನಿಂದ ಎಷ್ಟೇ ನೋಡಿದರೂ ಒಳಗೆ ತೆರೆದಾಗ ತಿಳಿಯುವಷ್ಟು ತಿಳಿಯುವುದಿಲ್ಲ. ಗೋಡೆ ಸಾಲದಿದ್ದರೆ ಅಥವಾ ನೆಲದಲ್ಲಿ ಬಿರುಕು ಕಂಡರೆ ಅವತ್ತೇ ಕೀಳಬೇಕಾ, ಅಥವಾ ಔಷಧಿ ಇಟ್ಟು ಮುಚ್ಚಿ ಯೋಚಿಸಲು ನಿಮಗೆ ಎರಡು ದಿನ ಬೇಕಾ ಎನ್ನುವುದನ್ನು ಇಂಜೆಕ್ಷನ್ ಕೊಡುವ ಮೊದಲೇ ಮಾತಾಡಿಕೊಳ್ಳಿ. ಬಾಯಿ ಮರಗಟ್ಟಿ, ರಬ್ಬರ್ ಹಾಳೆ ಹಾಕಿಕೊಂಡು ಮಲಗಿದ ಮೇಲೆ ಆ ಮಾತು ಆಡುವುದು ಕಷ್ಟ.